ಮೂರನೇ ನಿಮಿಷ

ಜನವರಿ 9, ಮಂಗಳವಾರ. ಬೆಳಗ್ಗೆ 7:20

ನೀರು 26 ಡಿಗ್ರಿ. ಎಂಟು ಮಂದಿ. ಇಬ್ಬರು ತಡ. ಹತ್ತು ಲ್ಯಾಪ್ ಹೆಚ್ಚಿಗೆ ಕೊಟ್ಟೆ, ನಾಳೆ ಅಲಾರಂಗಿಂತ ಮೊದಲೇ ಏಳುತ್ತಾರೆ.

ತಿಂಗಳ ಟ್ರಯಲ್. ಕೊಕ್ಕರೆ, ಇನ್ನೂರು ಮೀಟರ್ ಬ್ಯಾಕ್‌ಸ್ಟ್ರೋಕ್: 2:26.1. ನಾಲ್ಕು ಐವತ್ತುಗಳು — 34.5, 36.8, 37.3, 37.5. ಕಾಲು ಉದ್ದ ಅಂತ ಪಕ್ಕದ ಲೇನಿನವರು ಇಟ್ಟ ಹೆಸರು ಅದು, ಈಗ ನನ್ನ ಬಾಯಿಗೂ ಅದೇ ಬರುತ್ತದೆ. ಹದಿನಾರು ವರ್ಷಕ್ಕೆ ಒಳ್ಳೆ ಟೈಮಿಂಗ್. ಜೂನ್ ಕೂಟದಲ್ಲಿ ಅರ್ಹತೆಗೆ 2:24 ಬೇಕು. ಎರಡು ಸೆಕೆಂಡು. ಗೋಡೆ ಬಳಿಯ ಟರ್ನ್ ಸರಿಮಾಡಿದರೆ ಅರ್ಧ ಸಿಗುತ್ತದೆ. ಉಳಿದದ್ದು? ಹೊರಡುವಾಗ ಹೇಳಿದೆ — ಒಂದೆರಡು ಕೆಜಿ ಹಗುರಾದರೆ ಆ ಎರಡು ಸೆಕೆಂಡು ತಾನಾಗಿ ಬರುತ್ತದೆ ಅಂತ. ನಕ್ಕಳು. ಒಳ್ಳೆ ಹುಡುಗಿ.

ಕ್ಲಬ್‌ನವರು ಈ ವರ್ಷ ದೊಡ್ಡ ಡೈರಿ ಕೊಟ್ಟಿದ್ದಾರೆ. ದಿನಕ್ಕೊಂದು ಪುಟ. ಇಪ್ಪತ್ತೆರಡು ವರ್ಷ ಕಿಸೆ ಪುಸ್ತಕದಲ್ಲಿ ಬರೀ ಅಂಕಿ ಬರೆದವನು ನಾನು. ಅಂಕಿಯೆಲ್ಲ ಬರೆದ ಮೇಲೂ ಮುಕ್ಕಾಲು ಪುಟ ಖಾಲಿ. ಮನಸ್ಸಿಗೆ ಬಂದದ್ದು ಬರೀರಿ ಅಂತಾಳೆ ಹೆಂಡತಿ. ಮನಸ್ಸಿಗೆ ಬಂದದ್ದು: ಟೀ ತಣ್ಣಗಾಗುತ್ತಿದೆ.


ಫೆಬ್ರವರಿ 6, ಮಂಗಳವಾರ

ಟ್ರಯಲ್. ಕೊಕ್ಕರೆ 2:27.9. ಕೊನೆಯ ಐವತ್ತು 39.6. ಮುಂದೆ ಹೋಗಬೇಕಾದವಳು ಹಿಂದೆ ಬಂದಿದ್ದಾಳೆ. ದಮ್ಮು ಸಾಲದು, ಅಷ್ಟೇ. ನಾಳೆಯಿಂದ ದಿನಕ್ಕೆ ಎಂಟು ನೂರು ಮೀಟರ್ ಹೆಚ್ಚು. ದಮ್ಮು ಯಾರೂ ಕೊಡುವುದಿಲ್ಲ, ಸಂಪಾದಿಸಬೇಕು ಎಂದೆ. ಹೂಂ ಅಂದಳು.

ಕ್ಲಬ್ ಕಾರ್ಯದರ್ಶಿ ಬಂದಿದ್ದರು. ಶೂ ಕಳಚದೆ ಕೊಳದ ಅಂಚಿನವರೆಗೂ ಬಂದರು, ಆಗಷ್ಟೇ ನೆಲ ಒರೆಸಿದವನ ಮುಖ ನೋಡಬೇಕಿತ್ತು. ವಿಷಯ ಇಷ್ಟು — ಬೆಳಗ್ಗೆ ಐದರಿಂದ ಏಳು ನಾಲ್ಕು ಲೇನ್ ನಮ್ಮವು. ಇನ್ನೊಂದು ಕ್ಲಬ್‌ನವರು ಕಣ್ಣು ಹಾಕಿದ್ದಾರೆ. ಜೂನ್‌ನಲ್ಲಿ ನಮ್ಮಿಂದ ಒಬ್ಬರಾದರೂ ಅರ್ಹರಾಗದಿದ್ದರೆ ಲೇನ್ ಹಂಚಿಕೊಳ್ಳಬೇಕಾಗುತ್ತದಂತೆ. ನಿಮ್ಮ ಕೊಕ್ಕರೆ ಇದ್ದಾಳಲ್ಲ ಎಂದರು.

ಇದ್ದಾಳೆ.


ಫೆಬ್ರವರಿ 21, ಬುಧವಾರ

ಕೊಕ್ಕರೆ ಸೆಟ್ ನಡುವೆ ಲೇನಿನ ಹಗ್ಗ ಹಿಡಿದು ನಿಂತುಬಿಟ್ಟಳು. ಎರಡು ಸಲ. ಕೂಗಿದೆ. ನನ್ನ ಕೂಗಿಗೆ ಛಾವಣಿಯ ಪಾರಿವಾಳಗಳು ಎದ್ದವು, ಇವಳು ಮಾತ್ರ ಐದು ಎಣಿಸಿ ಹೊರಟಳು.

ಪಂಪ್ ಮನೆಯವನು ಫಿಲ್ಟರ್ ತೊಳೆದು ಬಂದು ಪಕ್ಕ ನಿಂತ. ಈ ಮಗು ಮೊದಲೆಲ್ಲ ನೀರಿಂದ ಎದ್ದ ಕೂಡಲೇ ತಿಂಡಿ ಡಬ್ಬಿ ಬಿಚ್ಚುತ್ತಿತ್ತು, ಈಗ ಬಿಚ್ಚುವುದೇ ಇಲ್ಲ ಸರ್ ಎಂದ. ನೀನು ಕ್ಲೋರಿನ್ ನೋಡಿಕೋ ಮಹರಾಯ, ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.


ಮಾರ್ಚ್ 5, ಮಂಗಳವಾರ

2:31.6. ಕೊನೆಯ ಐವತ್ತು 43. ನಲವತ್ಮೂರು. ಹೊಸದಾಗಿ ಬಂದವರು ಈಜುವ ಟೈಮಿಂಗ್.

ತಲೆ ಕೆಟ್ಟಿತು. ಎಲ್ಲರ ಮುಂದೆಯೇ ಅಂದೆ — ಮನಸ್ಸಿಲ್ಲದಿದ್ದರೆ ಹೇಳಿಬಿಡು, ಲೇನ್ ಬೇರೆಯವರಿಗೆ ಕೊಡುತ್ತೇನೆ. ಕ್ಯಾಪ್ ತೆಗೆದಳು, ಹಿಂಡಿದಳು, ಬ್ಯಾಗಿಗೆ ಹಾಕಿದಳು. ಉಳಿದವರು ನೀರನ್ನು ನೋಡುತ್ತ ನಿಂತರು. ಯಾವತ್ತೂ ಬಾಯಿ ಮುಚ್ಚದ ಚಿಟ್ಟೆ ಕೂಡ — ಬಟರ್‌ಫ್ಲೈ ಹುಡುಗಿ, ಇವಳ ಗೆಳತಿ — ಸುಮ್ಮನಿದ್ದಳು.

ಬೈದದ್ದು ಸರಿ. ಬೈಸಿಕೊಳ್ಳದೆ ಯಾರು ಮೇಲೆ ಬಂದಿದ್ದಾರೆ.


ಮಾರ್ಚ್ 6

ಕೊಕ್ಕರೆ ಬಂದಿಲ್ಲ.


ಮಾರ್ಚ್ 7

ಇಲ್ಲ.


ಮಾರ್ಚ್ 9, ಶನಿವಾರ. ಸಂಜೆ

ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಅದರ ಮೇಲೆ ಹಲ್ಲು. ವರ್ಷಾನುಗಟ್ಟಲೆ ಸೀಟಿ ಕಚ್ಚಿಕೊಂಡದ್ದಕ್ಕೆ ಎಡಗಡೆಯ ದವಡೆ ಹಲ್ಲು ಸೀಳು ಬಿಟ್ಟಿದೆ. ಹೆಂಡತಿ ಅವಳ ಆಫೀಸಿನ ಕೆಳಗಿರುವ ಹೊಸ ದಂತವೈದ್ಯೆಯ ಹತ್ತಿರ ಕಳಿಸಿದಳು.

ಕುರ್ಚಿಯಲ್ಲಿ ಅಂಗಾತ ಮಲಗಿದೆ. ಮಾಸ್ಕ್ ಹಾಕಿಕೊಂಡು ಬಂದವಳು ನನ್ನ ಮುಖ ನೋಡಿ ಒಂದು ಕ್ಷಣ ನಿಂತಳು. ಬಾಯಿ ತೆಗೀರಿ ಸರ್ ಅಂದಳು. ಆ "ಸರ್" ಕೇಳಿದ್ದೇ ಗೊತ್ತಾಯಿತು.

ಬಾಣ. ಕೊಕ್ಕರೆಯ ಹಾಗೆ ಇದೂ ಕೊಳದಲ್ಲಿ ಇಟ್ಟ ಹೆಸರು. ನನ್ನ ಕೈಯಲ್ಲಿ ಬೆಳೆದವರಲ್ಲೆಲ್ಲ ಅತ್ಯುತ್ತಮಳು. ಹನ್ನೊಂದು ವರ್ಷದ ಹಿಂದೆ, ಹದಿನೇಳು ತುಂಬಿದಾಗ, ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಷ್ಟೇ, ಮುಗಿಯಿತು. ಪ್ರತಿಭೆ ಇತ್ತು, ಛಲ ಇರಲಿಲ್ಲ ಅಂತ ಅಂದಿನಿಂದ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಬಾಯಲ್ಲಿ ಹತ್ತಿ, ಒಂದು ಕೊಳವೆ, ಅವಳ ಎರಡು ಬೆರಳು. ಮಾತಾಡುವ ಹಾಗಿಲ್ಲ. ಅವಳು ಮಾತಾಡಿದಳು. ಕೆಲಸ ಮಾಡುತ್ತಲೇ, ಹವಾಮಾನ ವರದಿ ಓದಿದ ಹಾಗೆ. ಆ ವರ್ಷ ಅವಳಪ್ಪ ಮನೆ ಬಿಟ್ಟು ಹೋಗಿದ್ದರಂತೆ. ಯಾರಿಗೂ ಹೇಳಕೂಡದು ಅಂತ ಅಮ್ಮನ ಕಟ್ಟಪ್ಪಣೆ. ನನಗೆ ಇದೊಂದೂ ಗೊತ್ತಿಲ್ಲ. ಆ ವರ್ಷದ್ದು ಅವಳ ನೂರು ಮೀಟರ್ ಟೈಮಿಂಗ್ ಮಾತ್ರ ಇವತ್ತಿಗೂ ಬಾಯಿಪಾಠ.

"ಒಂದಿನ ನೀರಲ್ಲೇ ಅತ್ತುಬಿಟ್ಟೆ ಸರ್. ಗಾಗಲ್ಸ್ ತುಂಬಿತ್ತು. ಅಂಚಿಗೆ ಬಂದಾಗ ನೀವು ನೋಡಿದ್ರಿ. ನೀರು ನುಗ್ಗಿದೆ, ಪಟ್ಟಿ ಬಿಗಿ ಮಾಡ್ಕೋ ಅಂದ್ರಿ."

ಗಂಟಲಿಂದ ಏನೋ ಸದ್ದು ಬಂತು ನನಗೆ. ಅವಳು ತಕ್ಷಣ ಕೈ ನಿಲ್ಲಿಸಿದಳು. ನೋವಾಯ್ತಾ, ನಿಲ್ಲಿಸ್ಲಾ ಅಂತ ಕೇಳಿದಳು. ಬೇಡ ಎಂದು ತಲೆಯಾಡಿಸಿದೆ. ಮುಂದುವರಿಸಿದಳು.

ಕೋಪ ಇಲ್ಲವಂತೆ. ಪಟ್ಟಿ ಬಿಗಿ ಮಾಡಿಕೊಂಡು ಇನ್ನೆರಡು ವಾರ ಈಜಿದಳಂತೆ. ಆಮೇಲೆ ಬಿಟ್ಟಳು. ಎರಡು ಗಂಟೆ ಏನೂ ಅಗಿಯಬೇಡಿ ಎಂದು ಕಳಿಸಿಕೊಟ್ಟಳು. ಮೆಟ್ಟಿಲಿಳಿದ ಮೇಲೆ ನೆನಪಾಯಿತು, ಹೇಗಿದ್ದೀಯಮ್ಮ ಅಂತ ಕೂಡ ಕೇಳಿಲ್ಲ. ಹತ್ತಿ ಆಗ ಬಾಯಲ್ಲಿರಲಿಲ್ಲ.


ಮಾರ್ಚ್ 10, ಭಾನುವಾರ. ಸಂಜೆ

ಹೆಂಡತಿಗೆ ಹೇಳಿದೆ, ಬಾಣಳ ವಿಷಯ. ಬಟ್ಟೆ ಮಡಚುತ್ತ ಕೇಳಿದಳು. ಪೂರ್ತಿ ಕೇಳಿದಳು.

ಅವಳದು ಹದಿನೆಂಟು ವರ್ಷದಿಂದ ನೀರು ಸರಬರಾಜು ಕಚೇರಿಯ ದೂರು ವಿಭಾಗ. ದಿನಕ್ಕೆ ಎಪ್ಪತ್ತು ಫೋನು. ನೀರಿನ ದೂರು ಕೇಳುವವಳೂ ಇವಳೇ, ನೀರಲ್ಲಿ ದೂರು ಹೇಳುವವನೂ ಇವಳ ಪಾಲಿಗೆ ಬಂದಿದ್ದಾನೆ ಅಂತ ಅವಳ ಅಕ್ಕ ನಗಾಡುವುದುಂಟು. ಅವಳ ಅನುಭವದಲ್ಲಿ ಮೊದಲ ನಿಮಿಷ ಜನ ಕೂಗುತ್ತಾರೆ, ಇಲ್ಲವೇ ಏನೂ ಇಲ್ಲ ಬಿಡಿ ಅನ್ನುತ್ತಾರೆ. ಎರಡನೇ ನಿಮಿಷ ಅದನ್ನೇ ತಿರುಗಿಸಿ ಹೇಳುತ್ತಾರೆ. ನಲ್ಲಿ ಎಲ್ಲಿ ಒಡೆದಿದೆ ಅನ್ನುವುದು ಬರುವುದು ಮೂರನೇ ನಿಮಿಷಕ್ಕೆ.

"ನೀವು ಮೂವತ್ತನೇ ಸೆಕೆಂಡಿಗೇ ರಿಪೇರಿ ಶುರು ಮಾಡ್ತೀರಿ. ಮನೇಲೂ ಅಷ್ಟೇ."

ಮನೇಲೂ ಅಂದದ್ದು ಯಾಕೆ ಎಂದು ಕೇಳಬೇಕಿತ್ತು. ಕೇಳಿದೆ. ಮಧ್ಯಾಹ್ನದವರೆಗೂ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.


ಮಾರ್ಚ್ 11, ಸೋಮವಾರ

ಕೊಕ್ಕರೆ ಬಂದಳು. ನೆಗಡಿ ಇತ್ತು ಎಂದಳು. ಮುಖ ಒಣಗಿದೆ, ತುಟಿ ನೀಲಿ.

ವಾರ್ಮ್ ಅಪ್ ಮುಗಿದ ಕೂಡಲೇ ಕರೆದೆ. ಏನಾದರೂ ತೊಂದರೆಯಾ ಎಂದು ಕೇಳಿದೆ. ಇಲ್ಲ ಸರ್. ಮನೆಯಲ್ಲಿ ಎಲ್ಲ ಸರಿಯಾ. ಸರಿ ಸರ್. ಮತ್ತೆ ಯಾಕೆ ಹೀಗೆ. ಗೊತ್ತಿಲ್ಲ ಸರ್. ಹೋಗು.

ನಲವತ್ತು ಸೆಕೆಂಡು ಆಗಿರಬಹುದು.

ಪಂಪ್ ಮನೆಯವನು ದೂರದಿಂದ ನೋಡುತ್ತಿದ್ದ. ಸೀಟಿ ಕೊರಳಲ್ಲಿ, ಗಡಿಯಾರ ಕೈಯಲ್ಲಿ, ಸುತ್ತ ಏಳು ಜನ... ಠಾಣೆಯಲ್ಲಿ ವಿಚಾರಣೆ ಮಾಡಿದ ಹಾಗಿತ್ತು ಸರ್ ಎಂದ. ಈ ಸಲ ಅವನಿಗೆ ಕ್ಲೋರಿನ್ ನೋಡಿಕೋ ಅನ್ನಲು ಬಾಯಿ ಬರಲಿಲ್ಲ. ಡಬ್ಬಿಯ ವಿಷಯ ಏನೋ ಹೇಳಿದ್ದೆಯಲ್ಲ, ಇನ್ನೊಮ್ಮೆ ಹೇಳು ಎಂದೆ. ಹೇಳಿದ. ಡಬ್ಬಿ ದಿನಾ ಚಿಟ್ಟೆಯ ಬ್ಯಾಗಿಗೆ ಹೋಗುತ್ತದಂತೆ. ಎರಡು ತಿಂಗಳಿಂದ.

ಎರಡು ತಿಂಗಳು. ದಿನಕ್ಕೆರಡು ಗಂಟೆ ಅವಳನ್ನೇ ನೋಡಿದ್ದೇನೆ.


ಮಾರ್ಚ್ 12, ಮಂಗಳವಾರ. ಬೆಳಗ್ಗೆ 8

ಇದನ್ನು ಬರೆಯಬೇಕು. ಒಂದು ಮಾತೂ ಬಿಡದೆ.

ಇವತ್ತು ಸ್ಟಾಪ್‌ವಾಚನ್ನೂ ಸೀಟಿಯನ್ನೂ ಡ್ರಾಯರ್‌ನಲ್ಲಿಟ್ಟೆ. ಎಲ್ಲರೂ ಬಟ್ಟೆ ಬದಲಿಸಲು ಹೋದ ಮೇಲೆ ಕೊಕ್ಕರೆಗೆ ಒಂದು ನಿಮಿಷ ಇರು ಎಂದೆ. ನಾಲ್ಕನೇ ಲೇನಿನ ಅಂಚಿನಲ್ಲಿ ಪ್ಯಾಂಟು ಮಡಚಿ, ಕಾಲು ನೀರಿಗೆ ಬಿಟ್ಟು ಕೂತೆ. ಅವಳು ಟವೆಲ್ ಹೊದ್ದು ಪಕ್ಕ ಕೂತಳು, ಇಬ್ಬರ ನಡುವೆ ಒಂದು ಕಿಕ್‌ಬೋರ್ಡಿನಷ್ಟು ಜಾಗ ಬಿಟ್ಟು. ಮೊದಲು ಡಬ್ಬಿಯ ವಿಷಯ ಎತ್ತಬೇಕೆಂದಿದ್ದೆ. ಎತ್ತಲಿಲ್ಲ. ಎತ್ತಿದರೆ ಮತ್ತೆ ವಿಚಾರಣೆಯಾಗುತ್ತದೆ.

"ನನಗೆ ಹೊರಗಿಂದ ಬರೀ ಗಡಿಯಾರ ಕಾಣುತ್ತೆ. ಒಳಗೆ ನಿನಗೆ ಹೇಗಿರುತ್ತೆ, ಅದು ನನಗೆ ಗೊತ್ತಿಲ್ಲ."

ಚೆನ್ನಾಗಿದೆ ಸರ್ ಎಂದಳು. ಗೋಡೆಯ ದೊಡ್ಡ ಗಡಿಯಾರದ ಕೆಂಪು ಮುಳ್ಳು ಒಂದು ಸುತ್ತು ಬಂತು. ಇಷ್ಟು ಉದ್ದದ ಸುತ್ತು ನಾನು ನೋಡಿಲ್ಲ. ಸುಸ್ತಾಗುತ್ತೆ ಅಷ್ಟೇ ಎಂದಳು. ನಾಲಿಗೆಯ ತುದಿಗೆ ಬಂದಿತ್ತು: ಸರಿಯಾಗಿ ನಿದ್ದೆ ಮಾಡು, ಕಿಕ್ ಹೆಚ್ಚಿಸು, ಉಸಿರಿನ ಲಯ ನೋಡಿಕೋ. ನಾಲಿಗೆ ಕಚ್ಚಿದೆ. ಹೊಸದಾಗಿ ತುಂಬಿದ ಹಲ್ಲಿಗೂ ನೋವಾಯಿತು.

ಮುಳ್ಳು ಇನ್ನೊಂದು ಸುತ್ತು.

"ನೂರೈವತ್ತು ದಾಟಿದ ಮೇಲೆ ಕೈ ನಂದಲ್ಲ ಅನ್ಸುತ್ತೆ. ಮೇಲಿನ ಲೈಟು ಎರಡೆರಡು ಕಾಣುತ್ತೆ."

ಯಾವತ್ತಿನಿಂದ ಎಂದೆ.

"ನೀವು ಹೇಳಿದ ಮೇಲಿಂದ."

ಏನು ಹೇಳಿದೆ ಅಂತ ನಿಜವಾಗಿಯೂ ನೆನಪಿರಲಿಲ್ಲ ನನಗೆ. ಕೇಳಿದೆ. ಅವಳು ನೀರು ನೋಡುತ್ತ, ತೂಕ ಸರ್, ಅಂದಳು. ಎರಡು ಕೆಜಿ.

ಆಮೇಲೆ ಅವಳೇ ಹೇಳುತ್ತ ಹೋದಳು, ನಾನು ಕೇಳುತ್ತ ಹೋದೆ. ಅಪ್ಪ ಅಮ್ಮ ಇಬ್ಬರೂ ಬೇಕರಿಯವರು. ಮನೆ ಮೇಲೆ, ಅಂಗಡಿ ಕೆಳಗೆ. ಬೆಳಗ್ಗೆ ಮೆಟ್ಟಿಲಿಳಿದು ಅಂಗಡಿ ದಾಟುವವರೆಗೆ ಉಸಿರು ಹಿಡಿದುಕೊಳ್ಳುತ್ತಾಳಂತೆ, ಬ್ರೆಡ್ಡಿನ ವಾಸನೆ ಬರಬಾರದೆಂದು. ಮನೆಯಲ್ಲಿ ಕೇಳಿದರೆ ಕ್ಲಬ್‌ನಲ್ಲಿ ತಿಂದೆ ಎನ್ನುವುದು, ಕ್ಲಬ್‌ನಲ್ಲಿ ಕೇಳಿದರೆ ಮನೆಯಲ್ಲಿ ತಿಂದೆ ಎನ್ನುವುದು. ಯಾವಾಗಲೂ ಚಳಿ. ಕ್ಲಾಸಿನಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

"ಎರಡು ಸೆಕೆಂಡ್ ಬರುತ್ತೆ ಅಂದ್ರಿ. ಬರ್ಲಿಲ್ಲ. ಇನ್ನೂ ಸ್ವಲ್ಪ ಇಳಿದ್ರೆ ಬರುತ್ತೇನೋ ಅಂತ..."

ಏನಾದರೂ ಬುದ್ಧಿಮಾತು ಹೇಳಿ ಪಾರಾಗಬಹುದಿತ್ತು. ನಾನು ಹೇಳಿದ್ದನ್ನು ನೀನು ತಪ್ಪು ತಿಳಿದೆ ಅನ್ನಬಹುದಿತ್ತು. ಅದೂ ಬಾಯಿಗೆ ಬಂತು, ಸುಳ್ಳೇಕೆ.

"ನಾನು ಹೇಳಿದ್ದು ತಪ್ಪು," ಅಂದೆ. "ಲೆಕ್ಕವೂ ತಪ್ಪು, ಹೇಳಿದ ರೀತಿಯೂ ತಪ್ಪು. ಅವತ್ತು ಎಲ್ಲರ ಮುಂದೆ ಕೂಗಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸು."

ಇಪ್ಪತ್ತೆರಡು ವರ್ಷದಲ್ಲಿ ಕಲಿಯುವವರಿಗೆ ಈ ಮಾತು ಹೇಳಿದ್ದು ಇದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡಳು. ಎಷ್ಟೋ ಹೊತ್ತು. ಪಂಪ್ ಮನೆಯವನು ಬಾಗಿಲಿಗೆ ಬಂದವನು ಹಾಗೇ ಹಿಂದೆ ಸರಿದು ಬಾಗಿಲೆಳೆದುಕೊಂಡ.

ಮನೆಯಲ್ಲಿ ಹೇಳಲೇಬೇಕು, ಡಾಕ್ಟರಿಗೆ ತೋರಿಸಲೇಬೇಕು, ಈ ಎರಡರಲ್ಲಿ ಆಯ್ಕೆ ಇಲ್ಲ ಎಂದೆ. ಹೇಗೆ ಹೇಳುವುದು ಎನ್ನುವುದು ಅವಳಿಗೆ ಬಿಟ್ಟದ್ದು: ಅವಳು, ನಾನು, ಅಥವಾ ಇಬ್ಬರೂ ಸೇರಿ. ಯೋಚಿಸಿ ಹೇಳಿದಳು — ಇಬ್ಬರೂ. ಇವತ್ತೇ. ನಾಳೆಗಾದರೆ ನನಗೆ ಧೈರ್ಯ ಇರಲ್ಲ ಸರ್.


ಅದೇ ದಿನ, ಮಧ್ಯಾಹ್ನ 3:30

ಹೋಗಿ ಬಂದೆ. ಬೇಕರಿಯ ಹಿಂದಿನ ಕೋಣೆ. ಮೈದಾ ಚೀಲದ ಮೇಲೆ ನನಗೆ ಕೂರಲು ಹೇಳಿದರು. ಅವಳೇ ಹೇಳಿದಳು, ನಾನು ನನ್ನ ಪಾಲಿನದ್ದು ಹೇಳಿದೆ. ತಾಯಿ ನನ್ನನ್ನು ನೋಡಿದ ನೋಟ ನನಗೆ ಸಲ್ಲಬೇಕಾದದ್ದೇ. ನಿಮ್ಮ ಮಾತು ನಂಬಿ ಮಗಳನ್ನು ಒಪ್ಪಿಸಿದ್ದೆವು ನಿಮಗೆ ಎಂದರು.

ತಂದೆ ಬಹಳ ಹೊತ್ತು ಕೈಯ ಹಿಟ್ಟು ಉಜ್ಜುತ್ತ ನಿಂತಿದ್ದರು.

"ಊರಿಗೆಲ್ಲ ತಿನ್ನಿಸ್ತೀನಿ ಸರ್ ನಾನು. ದೀಪದ ಬುಡದಲ್ಲೇ ಕತ್ತಲು."

ಬಂದು ಡೈರಿ ಹಿಂದಕ್ಕೆ ತಿರುಗಿಸಿದೆ. ಜನವರಿ 9. ಅಲ್ಲೇ ಇದೆ, ನನ್ನದೇ ಅಕ್ಷರದಲ್ಲಿ. "ನಕ್ಕಳು. ಒಳ್ಳೆ ಹುಡುಗಿ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಎಷ್ಟು ಜನರಿಗೆ ಹೇಳಿಲ್ಲ ನಾನು.

ಪುಟ ಹರಿಯಬೇಕೆನಿಸಿತು. ಹರಿಯಲಿಲ್ಲ.


ಮಾರ್ಚ್ 16, ಶನಿವಾರ

ಡಾಕ್ಟರು. ತಾಯಿ, ಅವಳು, ನಾನು. ರಕ್ತ ಕಡಿಮೆ. ಎಂಟು ವಾರ ಜೋರಿನ ತರಬೇತಿ ಇಲ್ಲ, ವಾರಕ್ಕೊಮ್ಮೆ ಆಹಾರ ತಜ್ಞೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಸುಮ್ಮನೆ ಈಜಬಹುದು, ಮನಸ್ಸಿಗೆ ಬೇಕಿದ್ದರೆ. ಆಮೇಲೆ ನೋಡೋಣ ಅಂದರು.

ಈ ತೂಕದ ಮಾತು ಯಾರು ಹೇಳಿದ್ದು ಎಂದು ಕೇಳಿದರು. ನಾನು ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಗುಳಕ್ಕೆ ಸಿದ್ಧನಾದೆ. ಹೇಳಿದವರೇ ಕರೆದುಕೊಂಡು ಬಂದದ್ದು ನಾನು ನೋಡುತ್ತಿರುವುದು ಇದೇ ಮೊದಲು ಎಂದರು, ಅಷ್ಟೇ.


ಮಾರ್ಚ್ 18, ಸೋಮವಾರ

ಕಾರ್ಯದರ್ಶಿಗೆ ಫೋನ್ ಮಾಡಿದೆ. ಕೊಕ್ಕರೆಯ ಹೆಸರು ಜೂನ್ ಪಟ್ಟಿಯಿಂದ ತೆಗೆಯಿರಿ, ಲೇನ್ ಹೋದರೆ ಹೋಗಲಿ ಎಂದೆ. ಇಟ್ಟ ಮೇಲೆ ಎದೆ ಹಗುರಾಯಿತು. ಒಂದು ಒಳ್ಳೆ ಕೆಲಸ ಮಾಡಿದೆ.

ತರಬೇತಿಗೆ ಮೊದಲು ಎಂಟೂ ಜನರನ್ನು ಕೂರಿಸಿ ಹೇಳಿದೆ — ಅವತ್ತು ನಾನು ಕೂಗಿದ್ದು ತಪ್ಪು. ಇನ್ನು ಈ ಕೊಳದ ಸುತ್ತ ಯಾರ ಮೈ ಬಗ್ಗೆಯೂ ಮಾತಿಲ್ಲ, ನನ್ನದೂ ಸೇರಿ. ಚಿಟ್ಟೆ ನನ್ನ ಹೊಟ್ಟೆ ಕಡೆ ನೋಡಿ ಛಾವಣಿ ನೋಡಿದಳು. ತೂಕದ ಯಂತ್ರ ಪಂಪ್ ಮನೆಗೆ ಹೋಯಿತು. ಅಲ್ಲಿ ಕ್ಲೋರಿನ್ ಡಬ್ಬ ತೂಗಲಿ.


ಮಾರ್ಚ್ 19, ಮಂಗಳವಾರ

ಒಳ್ಳೆ ಕೆಲಸವಂತೆ, ಒಳ್ಳೆ ಕೆಲಸ.

ಪಟ್ಟಿಯಿಂದ ಹೆಸರು ಹೋದದ್ದು ಅವಳಿಗೆ ಚಿಟ್ಟೆಯಿಂದ ಗೊತ್ತಾಗಿದೆ. ಬೆಳಗ್ಗೆ ಸ್ಕೂಲ್ ಬ್ಯಾಗ್ ಸಮೇತ ಬಂದಳು. ಧ್ವನಿ ಎತ್ತರಿಸಲಿಲ್ಲ.

"ಅವತ್ತು ಕೇಳದೆ ಹೇಳಿದ್ರಿ. ಇವತ್ತು ಕೇಳದೆ ತೆಗೆದ್ರಿ. ಎರಡೂ ಒಂದೇ ಸರ್."

ನಿನ್ನ ಒಳ್ಳೆಯದಕ್ಕೇ — ಎಂದು ಶುರು ಮಾಡಿದೆ. ಅಲ್ಲೇ ನಿಲ್ಲಿಸಿದೆ. ಜನವರಿಯಲ್ಲೂ ಒಳ್ಳೆಯದಕ್ಕೇ ಹೇಳಿದ್ದು. ನಾಯಿ ಬಾಲದ ಡೊಂಕು ಒಂದು ವಾರದಲ್ಲಿ ಹೋಗುತ್ತದೆಯೇ.

ಮೆಟ್ಟಿಲ ಮೇಲೆ ಕೂತೆವು. ನಿನಗೆ ಏನು ಬೇಕು ಎಂದೆ. ಇದನ್ನು ಮೊದಲು ಯಾವತ್ತಾದರೂ ಕೇಳಿದ್ದೇನೆಯೇ? ಅವಳಿಗೆ ಇನ್ನೂರು ಬ್ಯಾಕ್‌ಸ್ಟ್ರೋಕ್ ಇಷ್ಟವಂತೆ. ನಿಜವಾಗಿ ಇಷ್ಟ. ಅಂಗಾತ ಮಲಗಿದಾಗ ಕಿವಿ ನೀರಲ್ಲಿ ಮುಳುಗಿ ಯಾರ ಮಾತೂ ಕೇಳಿಸುವುದಿಲ್ಲವಲ್ಲ, ಅದಕ್ಕೆ. (ಯಾರ ಮಾತು ಅಂತ ನಾನು ಕೇಳಲಿಲ್ಲ.) ಗುಣವಾಗಬೇಕು. ಗುಣವಾದರೆ ಜೂನ್‌ನಲ್ಲಿ ಈಜಬೇಕು. ಗುಣವಾಗದಿದ್ದರೆ ಈಜಬಾರದು, ಅದನ್ನು ಡಾಕ್ಟರು ಹೇಳಬೇಕು, ನಾವಿಬ್ಬರೂ ಅಲ್ಲ. ನನಗಿಂತ ಸ್ಪಷ್ಟವಾಗಿ ಯೋಚಿಸುತ್ತಾಳೆ.

ಬಾಲ ಮುದುರಿಕೊಂಡು ಕಾರ್ಯದರ್ಶಿಗೆ ಮತ್ತೆ ಫೋನ್ ಮಾಡಿದೆ. ಮೇ 25ರವರೆಗೆ ಹೆಸರು ಇರಲಿ, ಡಾಕ್ಟರ ಪತ್ರ ಬಂದರೆ ಮಾತ್ರ ಖಾಯಂ. ನಿಮ್ಮ ತಲೆ ನೆಟ್ಟಗಿದೆಯಾ ಅಂದರು. ನಿಧಾನಕ್ಕೆ ನೆಟ್ಟಗಾಗುತ್ತಿದೆ ಎಂದೆ.


ಏಪ್ರಿಲ್ 2, ಮಂಗಳವಾರ

ಟ್ರಯಲ್ ಇಲ್ಲ ಈ ತಿಂಗಳು. ಅದರ ಬದಲು ಒಬ್ಬೊಬ್ಬರ ಜೊತೆ ಹತ್ತು ನಿಮಿಷ, ಕಾಲು ನೀರಲ್ಲಿ.

ಸುಲಭವಲ್ಲ. ಒಬ್ಬ ಹತ್ತು ನಿಮಿಷವೂ ಹೂಂ, ಉಹೂಂ. ಗೋಡೆ ಜೊತೆ ಮಾತಾಡಿದ ಹಾಗೆ. ಚಿಟ್ಟೆ ಇಪ್ಪತ್ತೈದು ನಿಮಿಷ ಪಕ್ಕದ ಮನೆಯ ನಾಯಿಯ ಬಗ್ಗೆ ಹೇಳಿದಳು. ಕೊನೆಗೆ, ಏಳುವಾಗ, ಗೆಳತಿಯ ಡಬ್ಬಿ ತಿಂದದ್ದು ನನ್ನ ತಪ್ಪಾ ಸರ್ ಅಂತ ಕೇಳಿದಳು. ಮತ್ತೆ ಕೂತೆವು.

ಕೊಕ್ಕರೆ ವಾರಕ್ಕೆ ಮೂರು ದಿನ ಬರುತ್ತಾಳೆ. ನಿಧಾನಕ್ಕೆ ಈಜುತ್ತಾಳೆ. ಒಂದು ದಿನ ತಿನ್ನಲಾಗುತ್ತದೆ, ಒಂದು ದಿನ ಆಗುವುದಿಲ್ಲವಂತೆ. ಆಗದ ದಿನವೂ ಹೇಳುತ್ತಾಳೆ. ಹಾಗಾದರೆ ಸರಿಯಾಗಿ ತಿನ್ನು ಅನ್ನುವುದು ಬಾಯಿಗೆ ಬರುತ್ತದೆ. ನುಂಗುತ್ತೇನೆ. ಅದು ಆಹಾರ ತಜ್ಞೆಯ ಕೆಲಸ. ನನ್ನದು ಪಕ್ಕ ಕೂರುವುದು.


ಏಪ್ರಿಲ್ 13, ಶನಿವಾರ

ಬಾಣಳ ಹತ್ತಿರ ಹೋಗಿದ್ದೆ. ಹಲ್ಲಿಗಲ್ಲ. ಮುಂದಿನ ಬೆಂಚಿನಲ್ಲಿ ಸರದಿಗೆ ಕಾದು ಕೂತೆ. ಒಳಗೆ ಕರೆದಾಗ ಕುರ್ಚಿಯ ಮೇಲೆ ಮಲಗದೆ ನಿಂತೇ ಕೇಳಿದೆ, ಹೇಗಿದ್ದೀಯಮ್ಮ, ಅಪ್ಪ ಆಮೇಲೆ ಸಿಕ್ಕಿದರಾ. ಮಾಸ್ಕ್ ಕೆಳಗೆ ಎಳೆದಳು. ಹದಿನೇಳರಲ್ಲಿ ಇದ್ದ ಮುಖವೇ. ಹೊರಗೆ ಇಬ್ಬರು ರೋಗಿಗಳು ಕೆಮ್ಮಿ ಕೆಮ್ಮಿ ಸಾಕಾಗುವವರೆಗೆ ಹೇಳಿದಳು.

ಭಾನುವಾರ ಬೆಳಗ್ಗೆ ಎಲ್ಲರಿಗೂ ಕೊಳ ತೆರೆದಿರುತ್ತದಲ್ಲ ಎಂದು ಕೇಳಿದಳು. ಇರುತ್ತದೆ ಎಂದೆ. ಬಾ ಅಂತ ಒತ್ತಾಯ ಮಾಡಲಿಲ್ಲ.


ಮೇ 18, ಶನಿವಾರ

ಒಂದು ತಿಂಗಳು ಬರೆದಿಲ್ಲ. ಬರೆಯುವ ಹೊತ್ತು ಮಾತಿಗೆ ಹೋಗುತ್ತಿದೆ. ಹೆಂಡತಿ, ಫೋನಿಲ್ಲದ ದೂರು ವಿಭಾಗ ತೆರೆದಿದ್ದೀರಿ ಅಂತಾಳೆ.

ಇವತ್ತು ಡಾಕ್ಟರ ಪತ್ರ ಬಂತು. ರಕ್ತ ಸರಿಯಿದೆ. ಈಜಬಹುದು. ಕೆಳಗೆ ಒಂದು ಸಾಲು: ಯಾವ ದಿನ ಬೇಡ ಅನಿಸಿದರೂ ಅವಳು ಬೇಡ ಅನ್ನಬಹುದು. ಪತ್ರವನ್ನು ಮೊದಲು ಅವಳೇ ಓದಿದಳು, ಆಮೇಲೆ ನನ್ನ ಕೈಗೆ ಕೊಟ್ಟಳು. ತುಟಿ ಈಗ ನೀಲಿಯಿಲ್ಲ. ನಿನ್ನೆ ಅಂಗಡಿ ಬಾಗಿಲಲ್ಲಿ ನಿಂತು ಬಿಸಿ ಬ್ರೆಡ್ಡಿನ ತುದಿ ಮುರಿದು ತಿಂದಳಂತೆ, ಅವರಪ್ಪ ಫೋನ್ ಮಾಡಿ ಹೇಳಿದರು.

ಸ್ಪರ್ಧೆಯ ಪ್ಲಾನ್ ಯಾರು ಮಾಡುವುದು ಎಂದು ಕೇಳಿದೆ. ನಾನೇ ಎಂದಳು. ಮೊದಲ ಐವತ್ತು ನಿಧಾನ, ಕೊನೆಯದು ಉಳಿಸಿಕೊಂಡು. ನಾನಾದರೆ ಹಾಗೆ ಮಾಡುತ್ತಿರಲಿಲ್ಲ. ಹೇಳಿದೆ ಕೂಡ, ಒಮ್ಮೆ. ಕೇಳಿಸಿಕೊಂಡಳು. ಆದರೂ ನಿಧಾನವೇ ಎಂದಳು.


ಜೂನ್ 8, ಶನಿವಾರ. ಬಸ್ಸಿನಲ್ಲಿ, ಸಂಜೆ 5

ಕೂಟ ಮುಗಿಸಿ ವಾಪಸ್. ಅಕ್ಷರಗಳು ಕುಣಿಯುತ್ತಿವೆ, ರಸ್ತೆ ಹಾಗಿದೆ.

ಬೆಳಗ್ಗೆ ಕೊಕ್ಕರೆ ಶೌಚಾಲಯದಲ್ಲಿ ಇಪ್ಪತ್ತು ನಿಮಿಷ ಕೂತಿದ್ದಳು. ಬಾಗಿಲಾಚೆ ಅವಳ ತಾಯಿ, ಅವರ ಹಿಂದೆ ನಾನು. ಇವತ್ತು ಬೇಡ ಅನಿಸಿದರೆ ಬೇಡ ಎಂದು ಒಂದೇ ಸಲ ಹೇಳಿದೆ. ಹೊರಗೆ ಬಂದು, ಹೆದರಿಕೆ ಆಗ್ತಿದೆ, ಆದ್ರೆ ಬೇಡ ಅನ್ನಿಸ್ತಿಲ್ಲ ಎಂದಳು. ಅವೆರಡರ ವ್ಯತ್ಯಾಸ ತಿಳಿದವಳಿಗೆ ನಾನು ಹೇಳಿಕೊಡುವುದು ಏನಿದೆ.

ಮೊದಲ ಐವತ್ತರಲ್ಲಿ ಏಳನೆಯವಳು. ನನ್ನ ಉಗುರು ಒಂದೂ ಉಳಿಯಲಿಲ್ಲ. 35.0, 36.9, 37.0. ಮೂರನೇ ಟರ್ನ್ ಆದ ಮೇಲೆ ಪಕ್ಕದ ಲೇನಿನವರು ಒಬ್ಬೊಬ್ಬರಾಗಿ ಹಿಂದೆ ಬೀಳತೊಡಗಿದರು. ಕೊನೆಯ ಐವತ್ತು 36.5. ಗೋಡೆ ಮುಟ್ಟಿದಾಗ ಮೂರನೆಯವಳು. 2:25.4.

ಅರ್ಹತೆಯ 2:24ಕ್ಕಿಂತ 1.4 ಸೆಕೆಂಡು ಹೆಚ್ಚು. ಆದರೆ ಅವಳ ಇದುವರೆಗಿನ ಟೈಮಿಂಗ್‌ಗಳಲ್ಲೆಲ್ಲ ಇದೇ ಚೆನ್ನ. ನಾನು ಅಂಕಿ ಹೇಳಲಿಲ್ಲ. ಹೇಗಿತ್ತು ಎಂದೆ. ಕೊನೆಯವರೆಗೂ ಕೈ ನಂದೇ ಆಗಿತ್ತು ಸರ್ ಎಂದಳು. ಆಮೇಲೆ ಬೋರ್ಡು ನೋಡಿ ಅತ್ತಳು, ಅಮ್ಮನ ಭುಜದಲ್ಲಿ, ಚೆನ್ನಾಗಿ ಅತ್ತಳು. ಅಳಬೇಡ ಎಂದು ಯಾರೂ ಅನ್ನಲಿಲ್ಲ. ಅಕ್ಟೋಬರ್‌ನಲ್ಲಿ ಇನ್ನೊಂದು ಕೂಟ ಇದೆ. ಅದನ್ನೂ ಅವಳೇ ನೆನಪಿಸಿದಳು.

ಕಾರ್ಯದರ್ಶಿಯ ಫೋನು ಬಂತು. ನಾಲ್ಕರಲ್ಲಿ ಒಂದು ಲೇನ್ ಹೋಯಿತು. ಮೂರು ಉಳಿದಿವೆ. ಎಂಟು ಜನರಿಗೆ ಮೂರು ಲೇನ್, ಒತ್ತಾಗುತ್ತದೆ, ಆದರೆ ಆಗದ್ದೇನಲ್ಲ. ಎಲ್ಲರನ್ನೂ ಕೂರಿಸಿ ಹೇಗೆ ಹಂಚಿಕೊಳ್ಳೋಣ ಅಂತ ಕೇಳಬೇಕು. ನನ್ನ ತಲೆಯಲ್ಲಿ ಆಗಲೇ ಒಂದು ಪಟ್ಟಿ ಸಿದ್ಧವಾಗಿದೆ. ಅದನ್ನು ಹೇಳಬಾರದು, ಮೊದಲು ಅವರು...

ಕೊಕ್ಕರೆ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಕೂದಲು ಇನ್ನೂ ಒದ್ದೆ. ಒಂದು ಮಾತು ಇದೆಯಂತೆ. ಟರ್ನ್‌ಗೆ ಮೊದಲು ಎಷ್ಟು ಸಲ ಕೈ ಬೀಸಿದೆವೆಂದು ಎಣಿಸಬೇಕೆಂದು ನಾನು ಹೇಳಿಕೊಟ್ಟಿದ್ದೇನಲ್ಲ, ಅದು ಅವಳ ಉದ್ದಕ್ಕೆ ಸರಿಯಿಲ್ಲ ಎನಿಸುತ್ತಿದೆಯಂತೆ. ಎಲ್ಲರಿಗೂ ಒಂದೇ ಲೆಕ್ಕ ಕೊಡುತ್ತೀರಿ, ಅದೇ ತಪ್ಪು ಸರ್, ನಾನು ಹೇಳ್ಲಾ ಎನ್ನುತ್ತಿದ್ದಾಳೆ.

ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿರುವ ಲೆಕ್ಕ ಅದು. ಹೇಳು ಎಂದೆ. ಬೇಗ ಅಲ್ಲ, ಊರು ಇನ್ನೂ ದೂರ ಇದೆ, ನಿಧಾನಕ್ಕೆ ಹೇಳು. ಪೆನ್ನು ಮುಚ್ಚುತ್ತಿದ್ದೇನೆ.